ಫೀಲ್ಡ್‌ನಿಂದ ಮನೆಗೆ: ಸೈನಿಕ ದಂಪತಿ ರಜೆಯ ದಿನಗಳನ್ನು ಯಾವ ಕ್ರಮದಲ್ಲಿ ಕಳೆಯಬೇಕು

ಫೀಲ್ಡ್‌ನಿಂದ, ಅಂದರೆ ಕುಟುಂಬವನ್ನು ಕರೆದೊಯ್ಯಲಾಗದ ಗಡಿ ಕಡೆಯ ಪೋಸ್ಟಿಂಗ್‌ನಿಂದ, ಗಂಡ ಸೂಟಿಗೆ ಬಂದ ನಾಲ್ಕನೇ ದಿನ ಜಗಳ. ಹತ್ತನೇ ದಿನದಿಂದ ಮುಖ ಕೊಟ್ಟು ಮಾತಿಲ್ಲ. ಕೊನೆಯ ವಾರ ಇಬ್ಬರೂ ಒಳಗೊಳಗೇ ರೈಲಿನ ತಾರೀಖು ಎಣಿಸುತ್ತಾರೆ. ಮುಂದಿನ ಸಲ ಸರಿಹೋದೀತು ಅಂದುಕೊಂಡು ಕಳಿಸಿಕೊಟ್ಟರೂ ಮುಂದಿನ ಸಲವೂ ಅದೇ ಕಥೆ. ಬೆಳಗಾವಿ, ಧಾರವಾಡ, ಕೊಡಗು, ಹಾಸನ, ಯಾವ ಕಡೆಯ ಫೌಜಿ ಮನೆಯಲ್ಲಿ ಕೇಳಿದರೂ ಈ ಮಾತು ಸಿಗುತ್ತದೆ.

ಪ್ರೀತಿ ಕಡಿಮೆಯಾಗಿ ಹೀಗಾಗುವುದು ಅಪರೂಪ. ಬಹುತೇಕ ಮನೆಗಳಲ್ಲಿ ತಪ್ಪುವುದು ಕೆಲಸಗಳ ಸರದಿ. ಸೂಟಿಗೆ ಬಂದವರು ಎರಡನೇ ದಿನ ಖರ್ಚಿನ ಲೆಕ್ಕ ಕೇಳುತ್ತಾರೆ, ಮೂರನೇ ದಿನ ಮಗನಿಗೆ ಶಿಸ್ತು ಕಲಿಸಲು ಹೊರಡುತ್ತಾರೆ, ಐದನೇ ದಿನ ಹೊಲದ ಪಾಲಿನ ಪಂಚಾಯ್ತಿಗೆ ಕೂರುತ್ತಾರೆ. ಒಂದೊಂದೂ ಆಗಬೇಕಾದ ಕೆಲಸವೇ, ಆದರೆ ಆ ದಿನ ಅಲ್ಲ. ಮೊದಲು ನಿದ್ದೆ ಮತ್ತು ದೇಹ, ಆಮೇಲೆ ಮನೆಯ ದಿನಚರಿ, ಆಮೇಲೆ ಮಕ್ಕಳು, ಆಮೇಲೆ ಗಂಡ ಹೆಂಡಿರ ಒಳಮಾತು, ಆಮೇಲೆ ಹಣ ಮತ್ತು ಜಮೀನು. ಈ ಸಾಲು ಕೆಡದಂತೆ ನೋಡಿಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಸೇನೆಯಲ್ಲಿ ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ. ಕೆಳಗಿನ ದಿನದ ಲೆಕ್ಕ 60 ದಿನದ ರಜೆಗೆ ಹೊಂದುತ್ತದೆ. 30 ದಿನಕ್ಕೆ ಬಂದವರು ಮೊದಲ ಮೂರು ಹಂತಗಳನ್ನು ಮೊಟಕು ಮಾಡಬಾರದು. ಸಮಯ ಸಾಲದಿದ್ದರೆ ಹಣ, ಜಮೀನಿನ ಮಾತನ್ನು ಮುಂದಿನ ರಜೆಗೆ ತಳ್ಳಿ.

ಬೇಕಾಗುವ ಸಾಮಾನು

200 ಪುಟದ ಒಂದು ಉದ್ದನೆಯ ನೋಟ್‌ಬುಕ್. ಗೋಡೆಗೆ ಹಾಕುವ ಕ್ಯಾಲೆಂಡರ್. ಪಾಸ್‌ಬುಕ್, ವಿಮೆ, ಪಹಣಿ, ಆಸ್ಪತ್ರೆ ಚೀಟಿಗಳೆಲ್ಲ ಹಿಡಿಯುವ ಒಂದು ಫೈಲು. ಅಡುಗೆಮನೆ ಬಾಗಿಲ ಹಿಂದೆ ಬರೆದು ಅಂಟಿಸಿದ ಫೋನ್ ನಂಬರುಗಳು: ಯೂನಿಟ್‌ನ ಒಬ್ಬರದು, ಹತ್ತಿರದ ಮಿಲಿಟರಿ ಆಸ್ಪತ್ರೆಯದು, 112, 14416, 181. ಕೊನೆಯ ಎರಡು ಏಕೆ ಬೇಕು ಎನ್ನುವುದು ಏಳನೇ ಹಂತದಲ್ಲಿದೆ.

ಹಂತ 1: ಹೊರಡುವ ಮೊದಲಿನ ಎರಡು ವಾರ

ಮನೆಯಲ್ಲಿ ಆದ ಬದಲಾವಣೆಗಳನ್ನು ಹೆಂಡತಿ ಫೋನಿನಲ್ಲಿ ಒಂದೊಂದಾಗಿ ಮೊದಲೇ ಹೇಳಬೇಕು. ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ, ಮಗುವಿನ ಶಾಲೆ ಎಷ್ಟಕ್ಕೆ, ಅತ್ತೆಯ ಶುಗರ್ ಎಷ್ಟಿದೆ, ಸಂಘದಲ್ಲಿ ಎಷ್ಟು ಸಾಲ ತೆಗೆದಿದೆ. ಇವು ಬಾಗಿಲಲ್ಲಿ ಕಾಲಿಟ್ಟ ಮೇಲೆ ಗೊತ್ತಾದರೆ 'ನನ್ನಿಂದ ಮುಚ್ಚಿಟ್ರು' ಎಂಬ ಅನುಮಾನವಾಗಿ ಉಳಿಯುತ್ತವೆ.

ಸಾವು, ದೊಡ್ಡ ಕಾಯಿಲೆಯಂಥ ಕೆಟ್ಟ ಸುದ್ದಿಯನ್ನು ತಿಂಗಳುಗಟ್ಟಲೆ ಮುಚ್ಚಿಡಬೇಡಿ. ಆದರೆ ಅವರು ಪೋಸ್ಟ್‌ನಲ್ಲಿ ಒಬ್ಬರೇ ಡ್ಯೂಟಿಗೆ ನಿಲ್ಲುವ ಹೊತ್ತಿಗೆ ಹೇಳಲೂ ಬೇಡಿ. 'ಈಗ ಡ್ಯೂಟಿ ಮುಗಿದಿದೆಯಾ, ಜೊತೆಗೆ ಯಾರಿದ್ದಾರೆ' ಎಂದು ಕೇಳಿ, ಆಮೇಲೆ ಹೇಳಿ.

ಬರುವ ತಾರೀಖನ್ನು ಮಗುವಿಗೆ ಹೇಳಬೇಡಿ. ಲೇಹ್‌ನಲ್ಲಿ ಹವಾಮಾನ ಕೆಟ್ಟರೆ ವಿಮಾನ ನಿಲ್ಲುತ್ತದೆ, ಕಾಶ್ಮೀರದಲ್ಲಿ ಹೆದ್ದಾರಿ ಮುಚ್ಚುತ್ತದೆ, ಟ್ರಾನ್ಸಿಟ್ ಕ್ಯಾಂಪಿನಲ್ಲೇ ಎರಡು ಮೂರು ದಿನ ಕೂರಬೇಕಾಗುತ್ತದೆ. ಶನಿವಾರ ಅಪ್ಪ ಬರುತ್ತಾರೆಂದು ಹೊಸ ಅಂಗಿ ಹಾಕಿಕೊಂಡು ಕೂತ ಮಗು ಸೋಮವಾರ ಬಂದ ಅಪ್ಪನಿಗೆ ಬೆನ್ನು ತಿರುಗಿಸುತ್ತದೆ. ದೆಹಲಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ಸೋ ಗೋವಾ ಎಕ್ಸ್‌ಪ್ರೆಸ್ಸೋ ಹತ್ತಿ ಸೀಟಿನಲ್ಲಿ ಕೂತ ಮೇಲೆ ಫೋನ್ ಮಾಡಿದರೆ ಸಾಕು. ಅಲ್ಲಿಂದ ಊರಿಗೆ ಇನ್ನೂ ಒಂದೂವರೆ ಎರಡು ದಿನ ಇರುತ್ತದೆ, ಮಗುವಿಗೆ ಕಾಯಲು ಅಷ್ಟು ಧಾರಾಳ.

ಹೇಳದೆ ಕೇಳದೆ ಬಂದು ಚಕಿತಗೊಳಿಸುವ ವಿಡಿಯೊಗಳು ಫೋನಿನಲ್ಲಿ ಬಹಳ ಓಡಾಡುತ್ತವೆ. ನೀವು ಅದನ್ನು ಮಾಡಬೇಡಿ. ಮನೆಯವರಿಗೂ ಸಿದ್ಧವಾಗಲು ಸಮಯ ಬೇಕು. ಚಿಕ್ಕ ಮಗುವಿಗಂತೂ ಅದು ಭಯವಷ್ಟೇ.

ಕ್ಯಾಂಟೀನ್ ಸಾಮಾನಿನ ಪಟ್ಟಿ ಹಿಡಿದು ಫೋನ್ ಮಾಡುವ ನೆಂಟರಿಗೆ ಈಗಲೇ ಇಲ್ಲ ಎನ್ನಿ. 'ಎರಡು ಬಾಟಲಿ ತಗೊಂಡ್ ಬಾ' ಎಂದವರೆಲ್ಲ ಮೊದಲ ಸಂಜೆಯೇ ಜಗಲಿಯಲ್ಲಿ ಕೂತಿರುತ್ತಾರೆ. ಮೂರು ದಿನ ಯಾರೂ ಬರುವುದು ಬೇಡ ಎಂದು ಹೇಳುವ ಕೆಲಸವನ್ನು ಗಂಡನೇ ಫೋನ್ ಮಾಡಿ ತಂದೆಗೋ ಅಣ್ಣನಿಗೋ ಒಪ್ಪಿಸಲಿ. ಹೆಂಡತಿ ಹೇಳಿದರೆ 'ಸೊಸೆ ನೆಂಟರನ್ನ ದೂರ ಮಾಡ್ತಾಳೆ' ಎಂದಾಗುತ್ತದೆ.

ಹಂತ 2: ಮೊದಲ ಮೂರು ದಿನ, ನಿದ್ದೆ ಮತ್ತು ದೇಹ

ಈ ಮೂರು ದಿನ ಒಂದೇ ಗುರಿ, ನಿದ್ದೆ. ತಿಂಗಳುಗಟ್ಟಲೆ ಎರಡೆರಡು ಗಂಟೆಯ ಪಾಳಿಯಲ್ಲಿ ಮಲಗಿದವರು ಮನೆಗೆ ಬಂದ ರಾತ್ರಿ ನೆಮ್ಮದಿಯಾಗಿ ಮಲಗುತ್ತಾರೆಂದು ಕಾಯಬೇಡಿ. ರಾತ್ರಿ ಎರಡಕ್ಕೆ ಎದ್ದು ಬಾಗಿಲ ಚಿಲಕ ಮುಟ್ಟಿ ನೋಡುತ್ತಾರೆ, ಅಂಗಳದಲ್ಲಿ ಒಂದು ಸುತ್ತು ಹಾಕುತ್ತಾರೆ, ಹಗಲು ಹನ್ನೊಂದಕ್ಕೆ ಕುರ್ಚಿಯಲ್ಲೇ ತೂಕಡಿಸುತ್ತಾರೆ. ಚಿಲಕ ನೋಡಬೇಡಿ ಎಂದು ತಡೆಯಬೇಡಿ. ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತಾ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಅದು ತಾನಾಗಿ ಬಿಡುತ್ತದೆ.

ಮಲಗಿದವರನ್ನು ಎಬ್ಬಿಸುವ ರೀತಿ ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು. ಮೈ ಮುಟ್ಟಬಾರದು, ತಲೆಯ ಹತ್ತಿರ ಬಗ್ಗಬಾರದು. ದೀಪ ಹಾಕಿ, ಕಾಲಿನ ಕಡೆ ಎರಡು ಮಾರು ದೂರದಲ್ಲಿ ನಿಂತು ಹೆಸರೋ ನಂಟೋ ಹಿಡಿದು ಕರೆಯಿರಿ, ಕಣ್ಣು ಬಿಟ್ಟು ಗುರುತು ಹಿಡಿಯುವವರೆಗೆ ಅಲ್ಲೇ ನಿಲ್ಲಿ. ಮುಟ್ಟಿ ಎಬ್ಬಿಸಿದಾಗ ಕೈ ಬೀಸಿಬಿಟ್ಟರೆ ಅದು ಸಿಟ್ಟಲ್ಲ, ಎಚ್ಚರವಾಗುವ ಮೊದಲೇ ಮೈ ಮಾಡಿದ ಕೆಲಸ. ಆದರೆ ಅದರಿಂದ ಹೆದರಿದ ಮಗು ವಾರಗಟ್ಟಲೆ ಹತ್ತಿರ ಬರುವುದಿಲ್ಲ. ಹಾಗಾಗಿ 'ಅಪ್ಪನ್ನ ಎಬ್ಬಿಸು ಹೋಗು' ಎಂದು ಮಗುವನ್ನು ಕಳಿಸಲೇಬೇಡಿ.

ಮೊದಲ ಎರಡು ದಿನ ಬೈಕು, ಟ್ರ್ಯಾಕ್ಟರ್ ಬೇಡ, ನಿದ್ದೆಗೆಟ್ಟ ಕಣ್ಣು ಮೋಸ ಮಾಡುತ್ತದೆ. ಪ್ರತಿ ಊಟಕ್ಕೂ ಹೋಳಿಗೆ, ಕೋಳಿ ಮಾಡುವುದೂ ಬೇಡ. ಎತ್ತರದಲ್ಲಿ ಹಸಿವು ಸತ್ತಿರುತ್ತದೆ, ಡಬ್ಬಿಯ ಊಟ ತಿಂದ ಹೊಟ್ಟೆಗೆ ಖಾರ, ಎಣ್ಣೆ ಹಿಡಿಯುವುದಿಲ್ಲ. ಅನ್ನ, ತಿಳಿಸಾರು, ಮಜ್ಜಿಗೆ, ರೊಟ್ಟಿ ಪಲ್ಯದಿಂದ ಶುರುಮಾಡಿ. ಬಡಿಸಿದ್ದನ್ನು ಬಿಟ್ಟರೆ ಅಡುಗೆ ಇಷ್ಟವಾಗಲಿಲ್ಲ ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ದೇಹದ ಎರಡು ಅಪಾಯಗಳನ್ನು ಇಬ್ಬರೂ ತಿಳಿದಿರಬೇಕು. ಸಿಯಾಚಿನ್, ಲಡಾಖ್‌ನಂಥ ಎತ್ತರದಿಂದ ಬಂದವರ ರಕ್ತದಲ್ಲಿ ಕೆಂಪುಕಣ ಹೆಚ್ಚಾಗಿ ರಕ್ತ ಮಂದವಾಗಿರುತ್ತದೆ, ಇಳಿದ ಮೇಲೆ ಸರಿಹೋಗಲು ವಾರಗಳು ಬೇಕು. ಅದರ ಮೇಲೆ ಎರಡು ದಿನ ರೈಲಿನಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಾರೆ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅದು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಬರುತ್ತದೆ. ಅಂದೇ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರುಕಟ್ಟುವುದೋ ಎದೆನೋವೋ ಇದ್ದರೆ ಒಂದು ಕ್ಷಣವೂ ಕಾಯಬೇಡಿ.

ಎರಡನೆಯದು ಈಶಾನ್ಯದ ಕಾಡುಗಳಿಂದ ಬಂದವರಿಗೆ. ಅಲ್ಲಿಂದ ಬಂದ ನಂತರದ ವಾರಗಳಲ್ಲಿ ಯಾವ ಜ್ವರ ಬಂದರೂ ಮಲೇರಿಯಾ ರಕ್ತಪರೀಕ್ಷೆ ಆಗಲೇಬೇಕು. ಊರಿನ ಡಾಕ್ಟರಿಗೆ 'ಎಲ್ಲಿಂದ ಬಂದಿದ್ದೇನೆ' ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರು ಮಾಮೂಲಿ ಜ್ವರದ ಮಾತ್ರೆ ಕೊಟ್ಟು ಕಳಿಸುತ್ತಾರೆ.

ಹಂತ 3: ನಾಲ್ಕರಿಂದ ಹತ್ತನೇ ದಿನ, ಮನೆಯ ದಿನಚರಿ

ಫೌಜಿಗಳಿಗೆ ಹ್ಯಾಂಡಿಂಗ್-ಟೇಕಿಂಗ್ ಎಂದರೆ ಏನೆಂದು ವಿವರಿಸಬೇಕಿಲ್ಲ. ಹೊಸ ಪೋಸ್ಟಿಗೆ ಹೋದ ದಿನವೇ ಯಾರೂ ಅಲ್ಲಿಯ ವ್ಯವಸ್ಥೆ ಬದಲಿಸುವುದಿಲ್ಲ. ಇದ್ದವರ ಜೊತೆ ನಡೆದು, ನೋಡಿ, ಎಣಿಸಿ, ಆಮೇಲೆ ಸಹಿ ಹಾಕುತ್ತಾರೆ. ಮನೆಗೂ ಅದೇ ನಿಯಮ.

ಗಂಡ ಮೊದಲು ಒಂದು ಪೂರ್ತಿ ದಿನ ಹೆಂಡತಿಯ ಹಿಂದೆ ಸುಮ್ಮನೆ ನಡೆಯಲಿ. ನಲ್ಲಿ ನೀರು ಎಷ್ಟಕ್ಕೆ ಬಿಡುತ್ತಾರೆ, ಹಾಲು ಎಲ್ಲಿಗೆ ಹೋಗುತ್ತದೆ, ಮಗುವಿನ ಡಬ್ಬಿಗೆ ಏನು, ಅತ್ತೆಯ ಮಾತ್ರೆ ಯಾವಾಗ. ನೋಟ್‌ಬುಕ್ಕಿನಲ್ಲಿ ಗಂಟೆಯ ಪ್ರಕಾರ ಬರೆದುಕೊಳ್ಳಲಿ. ಆ ದಿನ ಒಂದು ತಿದ್ದುಪಡಿಯನ್ನೂ ಹೇಳಬಾರದು. ಡಬ್ಬಗಳು ಅಡ್ಡಾದಿಡ್ಡಿ ಇರಬಹುದು, ಗ್ಯಾಸಿನ ಪುಸ್ತಕ ಫ್ರಿಜ್ ಮೇಲಿರಬಹುದು. ಎರಡು ವರ್ಷ ಆ ಮನೆ ಅದೇ ಅಡ್ಡಾದಿಡ್ಡಿಯಲ್ಲಿ ಒಂದು ದಿನವೂ ನಿಲ್ಲದೆ ನಡೆದಿದೆ.

ಸಾಮಾನ್ಯವಾಗಿ ಎಡವುವುದು ಸ್ಕೂಟಿಯ ಕೀಲಿಯಲ್ಲಿ. ಬಾಗಿಲ ಪಕ್ಕದ ಮೊಳೆಗೆ ಎರಡು ವರ್ಷದಿಂದ ಅವಳ ಕೈ ಹೋಗುತ್ತಿತ್ತು. ಒಂದು ಬೆಳಗ್ಗೆ ಮೊಳೆ ಖಾಲಿ, ಕೀಲಿ ಅವರ ಜೇಬಿನಲ್ಲಿ. 'ನಾನಿದ್ದೀನಲ್ಲ, ನಾನೇ ಬಿಟ್ಟು ಬರ್ತೀನಿ' ಎನ್ನುವುದು ಅವರಿಗೆ ಅಕ್ಕರೆ. ಯಾರನ್ನೂ ಕೇಳದೆ ಪೇಟೆಗೆ, ಬ್ಯಾಂಕಿಗೆ ಹೋಗಿ ಬರುತ್ತಿದ್ದವಳಿಗೆ ಅದು ಕೈ ಕಟ್ಟಿದ ಹಾಗೆ. ಕೀಲಿ ಮೊಳೆಯಲ್ಲೇ ಇರಲಿ, ಬೇಕಾದಾಗ ಕೇಳಿ ತೆಗೆದುಕೊಳ್ಳಿ. ಎಟಿಎಂ ಕಾರ್ಡಿಗೂ, ಅಡುಗೆಮನೆ ಡಬ್ಬದ ದುಡ್ಡಿಗೂ ಇದೇ ಮಾತು.

ಆರನೇ ದಿನದ ಹೊತ್ತಿಗೆ ಎರಡೇ ಎರಡು ಕೆಲಸ ಪೂರ್ತಿ ವಹಿಸಿಕೊಳ್ಳಿ, ಯಾವುದೆಂದು ಹೆಂಡತಿಯೇ ಆರಿಸಲಿ. ಬೆಳಗಿನ ನೀರು ತುಂಬುವುದು, ಸಂಜೆ ಮಗುವನ್ನು ಟ್ಯೂಷನ್ನಿಂದ ಕರೆತರುವುದು, ಇಂಥವು. ಪೂರ್ತಿ ಎಂದರೆ ನೆನಪಿಸುವ ಕೆಲಸವೂ ಅವಳದಲ್ಲ. ಮತ್ತೆ ಅವಳಿಗೆ ಒಪ್ಪಿಸುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಮಾತು ಹೀಗಿರಲಿ:

'ನೀ ಹೆಂಗ ನಡಿಸ್ಕೊಂಡ್ ಬಂದೀ, ಹಂಗ ನಡೀಲಿ. ನನಗೇನ್ ಕೆಲಸ ಕೊಡ್ತೀ ಅಷ್ಟ್ ಹೇಳು.'

'ನೀರಿಂದು ನೀವು ನೋಡ್ಕೊಳ್ರಿ. ಸಂತಿ ನಾನ ಮಾಡ್ತೀನ್ರಿ, ಅಂಗಡ್ಯಾಗ ಉದ್ರಿ ಲೆಕ್ಕ ನನಗ ಗೊತ್ತೈತಿ.'

'ಇದೇನ್ ಪದ್ಧತಿ? ನಾಳೆಯಿಂದ ಎಲ್ಲ ಐದಕ್ಕೆ ಏಳಬೇಕು' ಎಂದು ಶುರುವಾದರೆ ಅಲ್ಲಿಗೆ ಮನೆ ಬ್ಯಾರಕ್ ಆಯಿತು.

ಹೆಂಡತಿ ಮಾಡುವ ತಪ್ಪು ಇದಕ್ಕೆ ತಿರುವುಮುರುವು. ನೀರಿನ ಕೊಡ ಅರ್ಧ ತುಂಬಿದೆ, ಮಗುವಿಗೆ ಜಡೆ ಸೊಟ್ಟ ಹಾಕಿದ್ದಾರೆ ಎಂದು ಕೈಯಿಂದ ಕಸಿದು ತಾನೇ ಮಾಡಿಬಿಡುತ್ತಾಳೆ. ನಾಲ್ಕು ಸಲ ಹೀಗಾದರೆ ಅವರು ಫೋನ್ ಹಿಡಿದು ಮೂಲೆ ಸೇರುತ್ತಾರೆ, ಈ ಮನೆಗೆ ನಾನು ನೆಂಟ ಎಂಬ ಭಾವ ಗಟ್ಟಿಯಾಗುತ್ತದೆ. ಜಡೆ ಸೊಟ್ಟವೇ ಇರಲಿ.

ಹಂತ 4: ಮಕ್ಕಳು, ಅವರ ವೇಗದಲ್ಲಿ

ಎಂಟು ತಿಂಗಳಿನಿಂದ ಎರಡು ವರ್ಷದ ಮಗು ಹೊಸ ಮುಖ ಕಂಡರೆ ಅಳುವುದು ಸಹಜ, ಆ ಹೊಸ ಮುಖ ಅಪ್ಪನದೇ ಆದರೂ ಅಷ್ಟೇ. ಎತ್ತಿಕೊಳ್ಳಲು ಹೋಗಬೇಡಿ. ನೆಲದ ಮೇಲೆ ಕೂರಿ, ಮಗುವಿನ ಕಡೆ ನೇರ ನೋಡದೆ ಒಂದು ಡಬ್ಬಿ ಚಮಚ ಇಟ್ಟುಕೊಂಡು ಸದ್ದು ಮಾಡುತ್ತಿರಿ. ಸೆರಗಿನ ಮರೆಯಿಂದ ಮೊದಲು ಒಂದು ಕಣ್ಣು ಕಾಣುತ್ತದೆ, ಆಮೇಲೆ ಒಂದು ಕೈ ಬಂದು ಚಮಚ ಮುಟ್ಟಿ ಓಡಿಹೋಗುತ್ತದೆ. ಓಡಲಿ ಬಿಡಿ. ದಿನಕ್ಕೆ ನಾಲ್ಕೈದು ಸಲ, ಹತ್ತು ಹತ್ತು ನಿಮಿಷ ಹೀಗೆ ಕೂತರೆ ಸುಮಾರು ಒಂದು ವಾರದಲ್ಲಿ ಮಗುವೇ ತೊಡೆ ಏರುತ್ತದೆ. ತಾಯಿ ಆ ಹೊತ್ತಿನಲ್ಲಿ ಕಣ್ಣಿಗೆ ಕಾಣುವಂತೆ ಅಲ್ಲೇ ಇರಬೇಕು. 'ಅಪ್ಪನ ಹತ್ರ ಹೋಗಲ್ವಾ, ಕೆಟ್ಟ ಮಗು' ಎಂದು ಅಜ್ಜಿ ದೂಡಿದರೆ ವಾರದ ಶ್ರಮ ಹಾಳು.

ಅಮ್ಮನ ಪಕ್ಕದಲ್ಲಿ ಮಲಗಿ ಅಭ್ಯಾಸವಾದ ಮಗುವನ್ನು ಅಪ್ಪ ಬಂದ ರಾತ್ರಿಯೇ ಅಜ್ಜಿಯ ಕೋಣೆಗೆ ಸಾಗಿಸುವುದು ಬಹಳ ಮನೆಗಳಲ್ಲಿ ನಡೆಯುವ ತಪ್ಪು. ಮಗುವಿನ ಲೆಕ್ಕದಲ್ಲಿ ಅಪ್ಪ ಎಂದರೆ ಅಮ್ಮನನ್ನು ಕಿತ್ತುಕೊಂಡವರು. ಬದಲಾಯಿಸಲೇಬೇಕಿದ್ದರೆ ಅವರು ಬರುವುದಕ್ಕೆ ಮೂರು ವಾರ ಮೊದಲೇ ಅಭ್ಯಾಸ ಮಾಡಿಸಿ.

ಶಾಲೆಗೆ ಹೋಗುವ ಮಕ್ಕಳು ಗೋಡೆಯಂತೆ ಅಮ್ಮನನ್ನೂ ಅಪ್ಪನನ್ನೂ ತಟ್ಟಿ ತಟ್ಟಿ ನೋಡುತ್ತಾರೆ. ಅಮ್ಮ ಇಲ್ಲ ಎಂದ ಮೊಬೈಲನ್ನು ಅಪ್ಪನ ಹತ್ತಿರ ಕೇಳುತ್ತಾರೆ. ಒಂದೇ ಉತ್ತರ: 'ಅಮ್ಮ ಏನ್ ಹೇಳಿದ್ಳು?' ಶಿಕ್ಷೆ, ಬೈಗುಳ ಮೊದಲ ಮೂರು ವಾರ ಅಮ್ಮನ ಕೈಯಲ್ಲೇ ಇರಲಿ.

ಹದಿಹರೆಯದವರು ಮುನಿಸಿಕೊಂಡಿರುತ್ತಾರೆ, ಮುಖ್ಯವಾಗಿ ಅಪ್ಪನಿಲ್ಲದಾಗ ಮನೆ ಹೊತ್ತ ದೊಡ್ಡ ಮಗ ಅಥವಾ ಮಗಳು. ಅವರ ಕೆಲಸವನ್ನು ಒಮ್ಮೆಲೆ ಕಿತ್ತುಕೊಳ್ಳಬೇಡಿ. 'ಪಂಪ್‌ಸೆಟ್ ಹೇಗೆ ರಿಪೇರಿ ಮಾಡಿಸ್ದೆ ಹೇಳು' ಎಂದು ಕೇಳಿ, ಕೂತು ಪೂರ್ತಿ ಕೇಳಿಸಿಕೊಳ್ಳಿ. ಅಂಕಪಟ್ಟಿಯ ಮಾತು ಆಮೇಲೆ.

ಹಂತ 5: ಗಂಡ ಹೆಂಡಿರ ನಡುವೆ

ಒಟ್ಟು ಕುಟುಂಬದಲ್ಲಿ ಇಬ್ಬರೇ ಮಾತಾಡುವ ಜಾಗ ತಾನಾಗಿ ಸಿಗುವುದಿಲ್ಲ, ಮಾಡಿಕೊಳ್ಳಬೇಕು. ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತಿಗೆ, ಹೊಲದ ಬದು, ಕೆರೆ ಏರಿ, ಗುಡಿಯ ಕಟ್ಟೆ, ಎಲ್ಲಾದರೂ. ಫೋನು ಮನೆಯಲ್ಲಿರಲಿ.

ಮೊದಲ ಹತ್ತು ದಿನ ದೂರು ಬೇಡ, ತನಿಖೆಯೂ ಬೇಡ. 'ಅಲ್ಲಿ ಎಷ್ಟು ಜನರನ್ನ ಹೊಡೆದ್ರಿ' ಎಂದು ಯಾರೂ ಕೇಳಬಾರದು, ಕೇಳುವ ನೆಂಟರನ್ನು ಹೆಂಡತಿ ಅಲ್ಲೇ ತಡೆಯಬಹುದು. 'ಊಟ ಹೇಗಿತ್ತು, ಜೊತೆಗೆ ಯಾರಿದ್ರು' ಎಂಬ ಪ್ರಶ್ನೆಗಳು ಬಾಗಿಲು ತೆರೆಯುತ್ತವೆ. ಅವರು ಮಾತು ನಿಲ್ಲಿಸಿದಲ್ಲಿ ನೀವೂ ನಿಲ್ಲಿಸಿ.

ಅವರ ಕಡೆಯಿಂದ ನೆನಪಿಡಬೇಕಾದದ್ದು, ಹೆಂಡತಿಯೂ ಎರಡು ವರ್ಷ ಕಾವಲು ಕಾದಿದ್ದಾಳೆ. ಅಪರಾತ್ರಿ ಮಗುವಿಗೆ ಜ್ವರ ಬಂದಾಗ ಆಟೋ ಹುಡುಕಿದ್ದು, ಟಿವಿಯಲ್ಲಿ ಆ ಸೆಕ್ಟರಿನ ಹೆಸರು ಬಂದಾಗ ಫೋನ್ ಹತ್ತದೆ ಕೂತ ರಾತ್ರಿ. 'ನೀನು ಮನೇಲಿ ಆರಾಮಾಗಿದ್ದೆ' ಎಂಬ ಒಂದು ಮಾತು ಇಡೀ ರಜೆ ಕೆಡಿಸಲು ಸಾಕು. ಹಾಗೇ ಅವಳ ಫೋನು ತೆರೆದು ಯಾರ ಜೊತೆ ಎಷ್ಟು ಮಾತು ಎಂದು ನೋಡುವುದು. ಊರವರ ಚಾಡಿಗೆ ಕಿವಿಕೊಟ್ಟು ಒಮ್ಮೆ ಹಾಗೆ ನೋಡಿದರೆ, ಆ ಗಾಯ ಒಂದು ರಜೆಯಲ್ಲಿ ಮಾಯುವುದಿಲ್ಲ.

ಮೈಯ ಹತ್ತಿರಿಕೆಗೂ ಅವಸರ ಬೇಡ. ಮೊದಲ ದಿನಗಳಲ್ಲಿ ಇಬ್ಬರಿಗೂ ಸಂಕೋಚ, ಗಂಡಸಿಗೆ ದಣಿವಿನಿಂದ ಆಗದೇ ಹೋಗುವುದು, ಇವೆಲ್ಲ ಸಾಮಾನ್ಯ. ಎರಡು ವಾರದ ಮೇಲೂ ಹಾಗೇ ಇದ್ದರೆ ಡಾಕ್ಟರನ್ನು ಕೇಳಿ, ಜಾಹೀರಾತಿನ ಮಾತ್ರೆ ನುಂಗಬೇಡಿ.

ಸದ್ಯ ಮಗು ಬೇಡ ಎನ್ನುವವರು ಬರುವ ಮೊದಲೇ ಏರ್ಪಾಟು ಮಾಡಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಛಾಯಾ ಮಾತ್ರೆ ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಯಾವುದು ಹೊಂದುತ್ತದೆ, ಯಾವಾಗ ಶುರುಮಾಡಬೇಕು ಎಂದು ಆಸ್ಪತ್ರೆಯಲ್ಲೇ ಕೇಳಿ.

ಮಗು ಬೇಕು ಎನ್ನುವವರ ಮನೆಯಲ್ಲಿ ಇನ್ನೊಂದು ಸಂಕಟ. ಮದುವೆಯಾಗಿ ಎರಡು ವರ್ಷವಾಯ್ತು, ಇನ್ನೂ ಇಲ್ಲ ಎಂದು ಸೊಸೆಯನ್ನು ಹಂಗಿಸುತ್ತಾರೆ. ಲೆಕ್ಕ ಹಾಕಿ ನೋಡಿ. 28 ದಿನದ ಮುಟ್ಟಿನ ಚಕ್ರದಲ್ಲಿ ಗರ್ಭ ನಿಲ್ಲುವ ದಿನಗಳು ಸುಮಾರು 10ರಿಂದ 16ನೇ ದಿನ. 30 ದಿನದ ರಜೆಯಲ್ಲಿ ಅಂಥ ಅವಕಾಶ ಒಂದು, ಅಪರೂಪಕ್ಕೆ ಎರಡು. ಎರಡು ರಜೆ ಎಂದರೆ ಎರಡು ಮೂರು ತಿಂಗಳ ಪ್ರಯತ್ನವಷ್ಟೇ, ಎರಡು ವರ್ಷದ್ದಲ್ಲ. ಇದನ್ನು ತಾಯಿಗೆ ಹೇಳುವ ಜವಾಬ್ದಾರಿ ಗಂಡನದು. ರಜೆ ಕೇಳುವಾಗಲೇ ಆ ದಿನಗಳು ಒಳಗೆ ಬರುವಂತೆ ತಾರೀಖು ಆರಿಸಿ.

ಹಂತ 6: ಹದಿನೈದನೇ ದಿನದ ಮೇಲೆ, ಹಣ, ಜಮೀನು, ದೂರು

ಹಣದ ಮಾತಿಗೆ ಒಂದು ಮಧ್ಯಾಹ್ನ ಗೊತ್ತುಮಾಡಿ, ಫೈಲು ಬಿಚ್ಚಿ ಇಬ್ಬರೇ ಕೂರಿ. ಮೊದಲ ಪ್ರಶ್ನೆ 'ದುಡ್ಡು ಎಲ್ಲಿ ಹೋಯ್ತು' ಎಂದಾಗಬಾರದು, 'ತಿಂಗಳಿಗೆ ಎಷ್ಟು ಸಾಲದೇ ಬರ್ತಿದೆ' ಎಂದಾಗಲಿ. ಸಂಬಳದ ಖಾತೆ ಜಂಟಿಯಾಗಿದೆಯೇ, ಪಿಎಫ್ ಮತ್ತು ಆರ್ಮಿ ಗ್ರೂಪ್ ಇನ್ಶೂರೆನ್ಸ್‌ನ ನಾಮಿನಿ ಯಾರು, ಮದುವೆ ಮತ್ತು ಮಕ್ಕಳ ಜನನವನ್ನು ಸೇನೆಯ ದಾಖಲೆಗೆ ಸೇರಿಸುವ ಪಾರ್ಟ್-2 ಆರ್ಡರ್ ಆಗಿದೆಯೇ ನೋಡಿ. ಮದುವೆಗೆ ಮುಂಚೆ ಬರೆದ ನಾಮಿನಿ ಹಾಗೇ ಉಳಿದಿರುವುದು, ಆಧಾರ್, ಶಾಲೆ ದಾಖಲೆ, ಸೇನೆಯ ದಾಖಲೆಗಳಲ್ಲಿ ಹೆಂಡತಿ ಮಕ್ಕಳ ಹೆಸರಿನ ಅಕ್ಷರ ಬೇರೆಬೇರೆ ಇರುವುದು ತುಂಬ ಸಾಮಾನ್ಯ. ಯಾವುದು ತಪ್ಪಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಕಾಗದದ ನಕಲನ್ನು ಯೂನಿಟ್‌ಗೆ ಕೊಂಡೊಯ್ಯಿರಿ.

ಜಮೀನಿನ ವಿಷಯದಲ್ಲಿ ಒಂದು ಎಚ್ಚರಿಕೆ. ಪೋಡಿ (ಜಮೀನಿನ ಪಾಲು ವಿಂಗಡಣೆ), ಸರ್ವೇ, ಖಾತೆ ಬದಲಾವಣೆ ಯಾವುದೂ ಅರ್ಜಿ ಹಾಕಿದ ವಾರಕ್ಕೆ ಮುಗಿಯುವುದಿಲ್ಲ. ರಜೆಯಲ್ಲೇ ಎಲ್ಲ ಇತ್ಯರ್ಥವಾಗಬೇಕೆಂದು ಹೊರಟರೆ ತಹಸೀಲ್ದಾರ್ ಕಚೇರಿಯ ಬೆಂಚಿನ ಮೇಲೆ ರಜೆ ಮುಗಿಯುತ್ತದೆ. ಒಂದೇ ಕೆಲಸ ಹಿಡಿಯಿರಿ. ಹೊರಡುವ ಅವಸರದಲ್ಲಿ ಅಣ್ಣನಿಗೋ ಮಾವನಿಗೋ ಜನರಲ್ ಪವರ್ ಆಫ್ ಅಟಾರ್ನಿ ಬರೆದುಕೊಡಬೇಡಿ. ಬೇಕೇ ಬೇಕಾದರೆ ಆ ಒಂದು ಕೆಲಸಕ್ಕೆ ಮಾತ್ರ ಸೀಮಿತವಾದ ಸ್ಪೆಷಲ್ ಪವರ್ ಸಾಕು. ಕೋರ್ಟಿನಲ್ಲಿ ದಾವೆ ಇದ್ದರೆ 1925ರ ಭಾರತೀಯ ಸೈನಿಕರ ದಾವೆಗಳ ಕಾಯ್ದೆಯ ಬಗ್ಗೆ ವಕೀಲರಿಗೆ ನೆನಪಿಸಿ. ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕ ಹಾಜರಾಗಲಾಗದಿದ್ದರೆ, ಸೇನಾ ಅಧಿಕಾರಿಯ ಪ್ರಮಾಣಪತ್ರದ ಮೇಲೆ ವಿಚಾರಣೆ ಮುಂದೂಡಲು ಅದರಲ್ಲಿ ಅವಕಾಶವಿದೆ. ಊರಿನ ತಕರಾರಿಗೆ ಕಮಾಂಡಿಂಗ್ ಆಫೀಸರ್ ಮೂಲಕ ಜಿಲ್ಲಾಧಿಕಾರಿಗೆ ಪತ್ರ ಬರೆಸಬಹುದು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲೂ ಕೇಳಿ.

ತಾಯಿಯ ದೂರು, ಹೆಂಡತಿಯ ದೂರು ಎರಡೂ ಅವರ ದಾರಿ ಕಾಯುತ್ತಿರುತ್ತವೆ. ಇಬ್ಬರ ಮಾತನ್ನೂ ಬೇರೆಬೇರೆಯಾಗಿ, ನಡುವೆ ಬಾಯಿ ಹಾಕದೆ ಕೇಳಿ. ತೀರ್ಪು ಕೊಡಬೇಡಿ. ಕೊಟ್ಟ ತೀರ್ಪಿನ ಫಲವನ್ನು ನೀವು ಹೋದ ಮೇಲೆ ಹೆಂಡತಿಯೇ ಹತ್ತು ತಿಂಗಳು ಉಣ್ಣಬೇಕು. ಬಗೆಹರಿಸಬಹುದಾದ ಒಂದೇ ವಸ್ತು ಹಿಡಿಯಿರಿ: ತಾಯಿಯ ಕೈಗೆ ತಿಂಗಳಿಗೆ ಬೇರೆ ದುಡ್ಡು, ಅಥವಾ ಅಡುಗೆಮನೆಗೆ ಇನ್ನೊಂದು ಸಿಲಿಂಡರ್. ಸಣ್ಣದೆನಿಸಿದರೂ ಎಷ್ಟೋ ಮನೆಗಳಲ್ಲಿ ಜಗಳದ ಬೇರು ಅಲ್ಲೇ ಇರುತ್ತದೆ.

ಹಂತ 7: ಕುಡಿತ ಮತ್ತು ಅಪಾಯದ ಗುರುತುಗಳು

ಈ ಹಂತಕ್ಕೆ ದಿನದ ಲೆಕ್ಕವಿಲ್ಲ. ಮೊದಲ ದಿನದಿಂದಲೇ ಗಮನಿಸಿ.

ನಿದ್ದೆಗಾಗಿ ರಮ್ ಕುಡಿಯುವುದು ಶುರುವಾದರೆ ಅದು ಮೊದಲ ಗುರುತು. ಕುಡಿದ ಮೇಲೆ ನಿದ್ದೆ ಬೇಗ ಹತ್ತುತ್ತದೆ, ಆದರೆ ನಡುರಾತ್ರಿ ಮುರಿಯುತ್ತದೆ, ಮರುದಿನ ಇನ್ನಷ್ಟು ಬೇಕೆನಿಸುತ್ತದೆ. ದಿನವೂ ಹೆಚ್ಚು ಕುಡಿಯುತ್ತಿದ್ದವರು ಆಣೆ ಮಾಡಿ ಒಮ್ಮೆಲೆ ನಿಲ್ಲಿಸುವುದೂ ಅಪಾಯ. ಕೊನೆಯ ಗುಟುಕಿನ ನಂತರ 6ರಿಂದ 48 ಗಂಟೆಯೊಳಗೆ ಕೈ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿದಂತೆ ಮಾತಾಡುವುದು ಬಂದರೆ ದೇವರು ದೆವ್ವ ಎಂದು ಕೂರಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಬಿಡಿಸುವುದಾದರೆ ಡಾಕ್ಟರ ಕೈಕೆಳಗೆ ಬಿಡಿಸಿ.

ಕೆಳಗಿನವು ಒಂದು ತಿಂಗಳಾದರೂ ಇಳಿಯದಿದ್ದರೆ, ಅಥವಾ ಹೆಚ್ಚುತ್ತಿದ್ದರೆ, ವೈದ್ಯರ ಸಹಾಯ ಬೇಕು: ಅದೇ ಕನಸಿನಲ್ಲಿ ಚೀರಿ ಏಳುವುದು, ಸಣ್ಣ ಸದ್ದಿಗೆ ನೆಲಕ್ಕೆ ಬೀಳುವುದು, ಸಂತೆ ಜಾತ್ರೆಗೆ ಕಾಲಿಡದಿರುವುದು, ಮಗುವನ್ನು ಎತ್ತಿಕೊಂಡರೂ ಏನೂ ಅನ್ನಿಸುತ್ತಿಲ್ಲ ಎನ್ನುವುದು. ದೀಪಾವಳಿಯ ಹೊತ್ತಿಗೆ ಬಂದವರಿಗೆ ಪಟಾಕಿ ಯಾವಾಗ ಹಚ್ಚುತ್ತೇವೆಂದು ಮೊದಲೇ ಹೇಳಿ, ಹಿಂದಿನಿಂದ ಸಿಡಿಸಬೇಡಿ. ಇವೇ ಗುರುತುಗಳು ಹೆಂಡತಿಯಲ್ಲೂ ಇರಬಹುದು. ಆಗ ಅವಳಿಗೂ ಅದೇ ಸಹಾಯ ಬೇಕು.

ಒಂದು ದಿನವೂ ಕಾಯಬಾರದ್ದು: 'ನಾನಿಲ್ಲದಿದ್ರೆ ನಿಮಗೆ ದುಡ್ಡಾದ್ರೂ ಬರುತ್ತೆ' ಎಂಬಂಥ ಸಾವಿನ ಮಾತು, ವಸ್ತುಗಳನ್ನು ಹಂಚಿಬಿಡುವುದು, ಕೈ ಎತ್ತುವುದು. ಸಾವಿನ ಮಾತು ಬಂದ ಗಳಿಗೆಯಲ್ಲಿ ಒಬ್ಬರನ್ನೇ ಬಿಡಬೇಡಿ. 'ಸಾಯಬೇಕು ಅನ್ನಿಸ್ತಿದೆಯಾ' ಎಂದು ನೇರ ಕೇಳಿ, ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಕೊಡಗಿನ ಮನೆಗಳಲ್ಲಿ ಕೋವಿ ಇರುವುದು ಸಾಮಾನ್ಯ, ಅದನ್ನು ಪೊಲೀಸ್ ಠಾಣೆಯಲ್ಲಿ ಜಮಾ ಮಾಡಿ. ಬಯಲುಸೀಮೆಯ ಮನೆಗಳಲ್ಲಿ ಮಂಚದ ಕೆಳಗೋ ಕೊಟ್ಟಿಗೆಯಲ್ಲೋ ಇರುವ ಕೀಟನಾಶಕದ ಡಬ್ಬಿಗಳನ್ನು ಅವತ್ತೇ ಬೇರೆಯವರ ಮನೆಗೆ ಸಾಗಿಸಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್, ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ, ಬೆಳಗಾವಿಯ ಮಿಲಿಟರಿ ಆಸ್ಪತ್ರೆ, ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಆಸ್ಪತ್ರೆ ಇವೆ. ರಜೆಯಲ್ಲಿ ಕಾಯಿಲೆ ಬಿದ್ದವರು ಹತ್ತಿರದ ಮಿಲಿಟರಿ ಆಸ್ಪತ್ರೆಗೆ ವರದಿ ಮಾಡಬೇಕು. ದೂರವಿದ್ದರೆ ಸರ್ಕಾರಿ ಆಸ್ಪತ್ರೆಗೆ ಸೇರಿ ಯೂನಿಟ್‌ಗೆ ತಕ್ಷಣ ತಿಳಿಸಿ, ಚೀಟಿಗಳನ್ನು ಜೋಪಾನ ಮಾಡಿ. ಹೆಂಡತಿಗೆ ಹೊಡೆತ ಬಿದ್ದರೆ 112 ಅಥವಾ ಮಹಿಳಾ ಸಹಾಯವಾಣಿ 181. ಫೀಲ್ಡ್‌ನಿಂದ ಬಂದಿದ್ದಾರೆ ಎಂಬುದು ಹೊಡೆತಕ್ಕೆ ಸಬೂಬಲ್ಲ.

ಡಾಕ್ಟರ ಹತ್ತಿರ ಹೋದರೆ ಮೆಡಿಕಲ್ ಕೆಟಗರಿ (ಸೇವೆಗೆ ಎಷ್ಟು ಯೋಗ್ಯ ಎಂಬ ಆರೋಗ್ಯ ದರ್ಜೆ) ಇಳಿಯುತ್ತದೆ, ಪ್ರಮೋಷನ್ ಹೋಗುತ್ತದೆ ಎಂಬ ಭಯಕ್ಕೆ ಜವಾನರು ಬಾಯಿ ಬಿಡುವುದಿಲ್ಲ. ಆ ಭಯ ಬರೀ ಕಲ್ಪನೆಯಲ್ಲ, ಕೆಟಗರಿ ಇಳಿಯುವುದುಂಟು. ಆದರೆ ತಾತ್ಕಾಲಿಕ ಕೆಟಗರಿಯನ್ನು ಅವಧಿ ಮುಗಿದ ಮೇಲೆ ಮತ್ತೆ ಪರೀಕ್ಷಿಸುತ್ತಾರೆ, ಗುಣವಾದವರು ಮೇಲೇರುತ್ತಾರೆ. ಮುಚ್ಚಿಟ್ಟುಕೊಂಡು ಬಂದೂಕು ಹಿಡಿಯುವ ಡ್ಯೂಟಿಗೆ ಮರಳುವುದು ಅದಕ್ಕಿಂತ ಎಷ್ಟೋ ಅಪಾಯ.

ಹಂತ 8: ಕೊನೆಯ ಹತ್ತು ದಿನ

ಹೊರಡುವ ವಾರ ಕಾರಣವಿಲ್ಲದೆ ಜಗಳ ಏಳುತ್ತದೆ. ಉಪ್ಪು ಹೆಚ್ಚಾಯ್ತು, ಟವೆಲ್ ಒಣಗಿಲ್ಲ. ಅಗಲುವ ನೋವನ್ನು ತಡೆಯಲು ಮನಸ್ಸು ಮೊದಲೇ ದೂರ ಸರಿಯುತ್ತಿದೆ ಎಂದು ಇಬ್ಬರಿಗೂ ಗೊತ್ತಿದ್ದರೆ ಅರ್ಧ ಬಿಸಿ ಇಳಿಯುತ್ತದೆ. 'ಇದು ಹೋಗೋ ವಾರದ ಜಗಳ' ಎಂದು ಬಾಯಿಬಿಟ್ಟು ಹೇಳಿಕೊಳ್ಳಿ.

ವಹಿಸಿಕೊಂಡ ಎರಡು ಕೆಲಸಗಳನ್ನು ಐದು ದಿನ ಮೊದಲೇ ಒಪ್ಪಿಸಿ. ಟ್ರಂಕು ತುಂಬುವುದನ್ನು ಮಗು ನೋಡಲಿ, ಅದರಲ್ಲಿ ಮಗುವಿನದೊಂದು ವಸ್ತು ಇರಲಿ. ಮಲಗಿರುವಾಗ ಹೇಳದೆ ಹೊರಟುಹೋಗುವುದು ದೊಡ್ಡ ತಪ್ಪು. ಆಮೇಲೆ ಆ ಮಗು ಅಮ್ಮ ಬಚ್ಚಲಿಗೆ ಹೋದರೂ ಅಳುತ್ತದೆ. ಅತ್ತರೂ ಸರಿ, ಎಬ್ಬಿಸಿ ಹೇಳಿ ಹೊರಡಿ.

ಕುಟುಂಬ ಜೊತೆಗಿರಬಹುದಾದ ಪೀಸ್ ಸ್ಟೇಷನ್ನಿಗೆ ಪೋಸ್ಟಿಂಗ್ ಆಗಿ ಕ್ವಾರ್ಟರ್ಸಿನಲ್ಲಿ ಒಟ್ಟಿಗೆ ಇರಲು ಹೋಗುವವರಿಗೆ ಸಾಲು ಇದೇ, ಅಳತೆ ಬೇರೆ. ಮೊದಲ ಮೂರು ತಿಂಗಳು ಹೊಂದಾಣಿಕೆಗೆ ಎಂದೇ ಇಟ್ಟುಕೊಳ್ಳಿ. ಅಲ್ಲಿ ಊರಿನ ಜನವಿಲ್ಲ, ಭಾಷೆ ಬೇರೆ, ಅವರು ಪಿಟಿ ಪರೇಡಿಗೆ ಹೋದ ಮೇಲೆ ಹೆಂಡತಿ ಒಂಟಿ. ಊರಿನಲ್ಲಿ ಮನೆ ನಡೆಸಿದವಳಿಗೆ ಅಲ್ಲಿ ಮಾಡಲು ಕೆಲಸವೇ ಇಲ್ಲದಂತಾಗುತ್ತದೆ. ಹೋದ ವಾರದಲ್ಲೇ ಮಾರುಕಟ್ಟೆ, ಶಾಲೆ, ಆಸ್ಪತ್ರೆ ಮೂರಕ್ಕೂ ಅವಳೊಬ್ಬಳೇ ಹೋಗಿಬರುವ ದಾರಿ ತೋರಿಸಿ.

ಯೂನಿಟ್ ತಲುಪಿದ ದಿನದ ಮೊದಲ ಕರೆಯಲ್ಲಿ ಫೋನು ಮೊದಲು ಮಗುವಿಗೆ, ಆಮೇಲೆ ತಾಯಿಗೆ, ಕೊನೆಗೆ ಹೆಂಡತಿಗೆ ಹೋಗಲಿ. ಅವಳ ಪಾಲಿನ ಮಾತು ಆಗ ಯಾರೂ ಕಾಯದೆ, ಯಾರೂ ಕೇಳಿಸಿಕೊಳ್ಳದೆ ನಡೆಯುತ್ತದೆ. ಆ ರಾತ್ರಿಯೇ ನೋಟ್‌ಬುಕ್ಕಿನ ಹೊಸ ಪುಟದ ಮೇಲೆ ತಾರೀಖು ಹಾಕಿ, ಮನೆಯಲ್ಲಿ ಬದಲಾಗುವ ಸಂಗತಿಗಳನ್ನು ಅಲ್ಲಿಂದ ಬರೆಯುತ್ತಾ ಹೋಗಿ. ಮುಂದಿನ ರಜೆಯ ಮೊದಲ ಹಂತಕ್ಕೆ ಬೇಕಾಗುವುದು ಅದೇ ಪುಟ.